ಗಾಯ ಮುಚ್ಚುವ ಮೊದಲು ರೋಗಿಯನ್ನು ನೋಡಿ: ಗ್ರಾಫ್ಟ್, ಫ್ಲ್ಯಾಪ್ ಆಪರೇಷನ್‌ಗೆ ಮುಂಚಿನ ತಪಾಸಣೆ

ದೊಡ್ಡ ಗಾಯದ ರೋಗಿ ವಾರ್ಡಿಗೆ ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಇದನ್ನು ಯಾವುದರಿಂದ ಮುಚ್ಚೋದು? ಸ್ಕಿನ್ ಗ್ರಾಫ್ಟ್ (ಬೇರೆ ಜಾಗದಿಂದ ತೆಗೆದು ಹಾಕುವ ಬರಿ ಚರ್ಮ) ಸಾಕಾ, ಫ್ಲ್ಯಾಪ್ (ತನ್ನ ರಕ್ತಸಂಚಾರದ ಸಮೇತ ಸರಿಸಿ ತರುವ ಚರ್ಮ, ಮಾಂಸ) ಬೇಕಾ, ದೂರದ ಕಡೆಯಿಂದ ರಕ್ತನಾಳದ ಸಮೇತ ಮಾಂಸ ತಂದು ಜೋಡಿಸಬೇಕಾ? ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಈ ಗಾಯ ಇಲ್ಲಿಯವರೆಗೆ ಯಾಕೆ ಮಾಯಲಿಲ್ಲ ಅಂತ. ಅದಕ್ಕೆ ಉತ್ತರ ಸಿಗದೆ ಚಾಕು ಹಿಡಿದರೆ, ಹಳೆಯ ಗಾಯವನ್ನು ಮಾಯಗೊಡದ ಕಾರಣವೇ ಹೊಸದಾಗಿ ಹಾಕಿದ ಚರ್ಮವನ್ನೂ ಕೆಡಿಸುತ್ತದೆ. ಜೊತೆಗೆ ಚರ್ಮ ತೆಗೆದ ಜಾಗದಲ್ಲಿ ಇನ್ನೊಂದು ಗಾಯ.

ಇದನ್ನು ಬರೆಯುತ್ತಿರುವುದು ಸರ್ಜರಿ ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರುಗಳಿಗೆ ಮತ್ತು ಡ್ರೆಸ್ಸಿಂಗ್ ಮಾಡುವ ನರ್ಸುಗಳಿಗೆ. ಆಪರೇಷನ್ ಆಗಬೇಕಿರುವವರ ಮನೆಯವರು ಓದಿದರೂ ಒಳ್ಳೆಯದೇ. ಡಾಕ್ಟರು ಇಷ್ಟೊಂದು ಯಾಕೆ ಕೇಳ್ತಾರೆ ಅಂತ ಗೊತ್ತಾಗುತ್ತದೆ. ಆದರೆ ಇದನ್ನು ಓದಿ ಮಾತ್ರೆ ನಿಲ್ಲಿಸುವುದು, ಶುರು ಮಾಡುವುದು ಬೇಡ. ಅದನ್ನು ನಿಮ್ಮನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ಮೊದಲು ಕಥೆ ಕೇಳಿ

ಗಾಯ ಯಾವಾಗ ಆಯ್ತು, ಹೇಗೆ ಆಯ್ತು, ಆಮೇಲೆ ಏನೇನು ಮಾಡಿದರು ಅನ್ನುವುದನ್ನು ಪೂರ್ತಿ ಕೇಳಿ. ದಿನಗಳ ಲೆಕ್ಕ ಮುಖ್ಯ. ಹತ್ತು ದಿನದ ಗಾಯ ಬೇರೆ, ಎರಡು ವರ್ಷದ ಹುಣ್ಣು ಬೇರೆ. ಒಮ್ಮೆ ಮಾಯ್ದು ಮತ್ತೆ ಬಾಯಿಬಿಟ್ಟಿತಾ, ಅಥವಾ ಮಾಯಲೇ ಇಲ್ಲವಾ? ಮೊದಲು ಗ್ರಾಫ್ಟ್ ಹಾಕಿದ್ದರಾ, ಅದು ಎಷ್ಟನೇ ದಿನ ಹೋಯ್ತು? ಮೊದಲ ಎರಡು ಮೂರು ದಿನಗಳಲ್ಲೇ ಎದ್ದು ಬಂದಿದ್ದರೆ ಕೆಳಗೆ ರಕ್ತ ಅಥವಾ ನೀರು ತುಂಬಿರಬಹುದು, ಗ್ರಾಫ್ಟ್ ಜಾರಿರಬಹುದು. ಚೆನ್ನಾಗಿ ಹಿಡಿದು ತಿಂಗಳುಗಳ ಮೇಲೆ ಒಡೆದಿದ್ದರೆ ಒತ್ತಡ, ರಕ್ತಸಂಚಾರ, ಒಳಗಿನ ಮೂಳೆ ಇವುಗಳ ಕಡೆ ನೋಡಬೇಕು. ಹಳೆಯ ಆಪರೇಷನ್ ಚೀಟಿ ತರಿಸಿ ಓದಿ. ರೋಗಿ "ಏನೋ ಸಣ್ಣ ಆಪರೇಷನ್" ಅಂದದ್ದು ಎಷ್ಟೋ ಸಲ ಸಣ್ಣದಾಗಿರುವುದಿಲ್ಲ.

ಇಲ್ಲಿ ಮೂರು ಬಲೆಗಳಿವೆ, ಮರೆಯಬೇಡಿ.

ಒಂದು, ಹಳೆಯ ಸುಟ್ಟ ಕಲೆಯ ಮೇಲೆ ಅಥವಾ ವರ್ಷಗಟ್ಟಲೆ ಒಸರುತ್ತಿರುವ ಹುಣ್ಣಿನಲ್ಲಿ ಕ್ಯಾನ್ಸರ್ ಹುಟ್ಟಬಹುದು. ಇದಕ್ಕೆ ಮಾರ್ಜೊಲಿನ್ ಹುಣ್ಣು ಅಂತಾರೆ. 1828ರಲ್ಲಿ ಇಂಥ ಹುಣ್ಣುಗಳ ಬಗ್ಗೆ ಬರೆದ ಫ್ರೆಂಚ್ ಸರ್ಜನ್ ಮಾರ್ಜೊಲಿನ್ ಹೆಸರು ಅದು. ಅಂಚು ದಪ್ಪಗಾಗಿ ಹೊರಕ್ಕೆ ಮಗುಚಿದ್ದರೆ, ವಾಸನೆ ಅಥವಾ ನೋವು ಇದ್ದಕ್ಕಿದ್ದಂತೆ ಜಾಸ್ತಿ ಆಗಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ ಬಯಾಪ್ಸಿ ಮಾಡಿಸಿ. ಒಂದೇ ಕಡೆಯಿಂದ ಅಲ್ಲ, ಅಂಚಿನ ನಾಲ್ಕಾರು ಜಾಗದಿಂದ. ಕ್ಯಾನ್ಸರ್ ಮೇಲೆ ಚಂದದ ಫ್ಲ್ಯಾಪ್ ಹೊದಿಸಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ, ಅಲ್ವಾ?

ಎರಡು, ಪಯೋಡರ್ಮಾ ಗ್ಯಾಂಗ್ರಿನೋಸಮ್. ಇದು ಸೋಂಕಿನ ಹಾಗೆ ಕಾಣುತ್ತದೆ, ಆದರೆ ಸೋಂಕಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಚರ್ಮವನ್ನು ತಿನ್ನುತ್ತಿರುತ್ತದೆ. ಅಂಚು ನೇರಳೆ ಬಣ್ಣ, ಒಳಗೆ ಟೊಳ್ಳು, ವಿಪರೀತ ನೋವು. ಕರುಳಿನ ಉರಿಯೂತ ಅಥವಾ ಕೀಲುವಾತ ಇರುವವರಲ್ಲಿ ಹೆಚ್ಚು. ಇದರ ಗುರುತು ಏನಂದರೆ ಪ್ರತಿ ಸಲ ಕತ್ತರಿಸಿ ಶುಚಿ ಮಾಡಿದಾಗಲೂ ಗಾಯ ಇನ್ನಷ್ಟು ದೊಡ್ಡದಾಗುತ್ತದೆ. "ಮೂರು ಸಲ ಕ್ಲೀನ್ ಮಾಡಿದ್ವಿ, ಮೂರು ಸಲವೂ ಹರಡಿತು" ಅಂತ ಯಾರಾದರೂ ಹೇಳಿದರೆ ನಾಲ್ಕನೇ ಸಲಕ್ಕೆ ಥಿಯೇಟರ್ ಬುಕ್ ಮಾಡಬೇಡಿ. ಚರ್ಮರೋಗದ ಡಾಕ್ಟರನ್ನು ಕರೆಯಿರಿ.

ಮೂರು, ರೇಡಿಯೇಷನ್. ಆ ಜಾಗಕ್ಕೆ ಹಿಂದೆ ಯಾವಾಗಲಾದರೂ ರೇಡಿಯೇಷನ್ ಕೊಟ್ಟಿದ್ದರೆ ಸಣ್ಣ ರಕ್ತನಾಳಗಳು ಹಾಳಾಗಿರುತ್ತವೆ, ವರ್ಷಗಳು ಕಳೆದರೂ ಸರಿಹೋಗುವುದಿಲ್ಲ. ಅಂಥ ತಳದ ಮೇಲೆ ಗ್ರಾಫ್ಟ್ ಹಿಡಿಯುವುದು ಕಷ್ಟ. ಸಾಮಾನ್ಯವಾಗಿ ಹೊರಗಿನಿಂದ ಒಳ್ಳೆಯ ರಕ್ತ ಇರುವ ಮಾಂಸ ತರಬೇಕಾಗುತ್ತದೆ. ಮೊದಲು ಹಳೆಯ ಗಡ್ಡೆ ಮರಳಿ ಬಂದಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಬೇಕು.

ಡ್ರೆಸ್ಸಿಂಗ್ ನೀವೇ ಬಿಚ್ಚಿ

ಬೇರೆಯವರು ಬರೆದದ್ದನ್ನು ನಂಬಿ ಪ್ಲಾನ್ ಮಾಡಬೇಡಿ. ನೋವಿನ ಮಾತ್ರೆ ಮೊದಲೇ ಕೊಟ್ಟು, ಸಮಯ ಇಟ್ಟುಕೊಂಡು, ನೀವೇ ಬಿಚ್ಚಿ ನೋಡಿ. ಉದ್ದ, ಅಗಲ, ಆಳ ಅಳೆಯಿರಿ. ಅಂಚಿನ ಕೆಳಗೆ ಪೊಳ್ಳು ಇದೆಯಾ ಅಂತ ಪ್ರೋಬ್ ಹಾಕಿ ನೋಡಿ, ರೋಗಿಯ ತಲೆಯ ಕಡೆಯನ್ನು 12 ಗಂಟೆ ಅಂದುಕೊಂಡು "3ರಿಂದ 5 ಗಂಟೆಯವರೆಗೆ 2 ಸೆಂಟಿಮೀಟರ್ ಪೊಳ್ಳು" ಅಂತ ಬರೆಯಿರಿ. ಒಪ್ಪಿಗೆ ಕೇಳಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ವಾರದ ನಂತರ ಗಾಯ ಚಿಕ್ಕದಾಯ್ತಾ ದೊಡ್ಡದಾಯ್ತಾ ಅಂತ ಜಗಳ ಬಂದಾಗ ಈ ಫೋಟೋ ಒಂದೇ ಸಾಕ್ಷಿ.

ತಳದ ಬಣ್ಣ ನೋಡಿ. ಕೆಂಪಗೆ, ಹರಳು ಹರಳಾಗಿ, ಗಟ್ಟಿಯಾಗಿದ್ದರೆ ಒಳ್ಳೆಯದು. ಹಳದಿ ಲೋಳೆಯಂಥದ್ದು, ಕಪ್ಪು ಹಕ್ಕಳೆ ಇದ್ದರೆ ಅದನ್ನು ಮೊದಲು ತೆಗೆಯಬೇಕು. ಕೆಂಪಗಿದ್ದರೂ ಜೆಲ್ಲಿಯ ಹಾಗೆ ಮೆತ್ತಗಿದ್ದು, ಒರೆಸಿದರೆ ಸುಮ್ನೆ ರಕ್ತ ಸುರಿಸುವ ತಳವನ್ನು ನಂಬಬೇಡಿ. ಅಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿರುವ ಸಾಧ್ಯತೆ ಜಾಸ್ತಿ.

ತಳದಲ್ಲಿ ಏನು ಕಾಣುತ್ತಿದೆ ಅನ್ನುವುದೇ ಅರ್ಧ ನಿರ್ಧಾರ. ಗ್ರಾಫ್ಟ್‌ಗೆ ತನ್ನದೇ ರಕ್ತಸಂಚಾರ ಇಲ್ಲ. ಮೊದಲ ಒಂದೆರಡು ದಿನ ಅದು ತಳದಿಂದ ಒಸರುವ ದ್ರವ ಹೀರಿಕೊಂಡು ಬದುಕುತ್ತದೆ, ಆಮೇಲೆ ತಳದ ಸಣ್ಣ ನಾಳಗಳು ಅದರ ನಾಳಗಳಿಗೆ ಕೂಡಿಕೊಳ್ಳುತ್ತವೆ. ಹಾಗಾಗಿ ಹೊರಪೊರೆ ಕಳೆದುಕೊಂಡ ಬೋಳು ಮೂಳೆ, ಪೊರೆ ಇಲ್ಲದ ಸ್ನಾಯುರಜ್ಜು, ಬೋಳು ಮೃದ್ವಸ್ಥಿ, ಲೋಹದ ಪ್ಲೇಟು ಇವುಗಳ ಮೇಲೆ ಗ್ರಾಫ್ಟ್ ಹಿಡಿಯುವುದಿಲ್ಲ. ಪೊರೆ ಉಳಿದಿದ್ದರೆ ಹಿಡಿಯುತ್ತದೆ. ಹಾಗಾಗಿ "ಮೂಳೆ ಕಾಣುತ್ತಿದೆ" ಅಂತ ಮಾತ್ರ ಬರೆದರೆ ಸಾಲದು. ಪೊರೆ ಇದೆಯೋ ಇಲ್ಲವೋ ಬರೆಯಿರಿ.

ಕೈಕಾಲಿನ ಗಾಯವಾದರೆ ಸ್ಪರ್ಶ ಮತ್ತು ಚಲನೆಯನ್ನೂ ಈಗಲೇ ಪರೀಕ್ಷಿಸಿ ಬರೆದಿಡಿ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಒತ್ತಿ ನೋಡಿ. ಅದು ಗೊತ್ತಾಗದಿದ್ದರೆ ಆ ಪಾದಕ್ಕೆ ರಕ್ಷಣೆ ಕೊಡುವ ನೋವೇ ಇಲ್ಲ ಅಂತ ಅರ್ಥ. ನೀವು ಎಷ್ಟೇ ಚೆನ್ನಾಗಿ ಮುಚ್ಚಿದರೂ ಸರಿಯಾದ ಪಾದರಕ್ಷೆ ಇಲ್ಲದಿದ್ದರೆ ಅಲ್ಲೇ ಮತ್ತೆ ಒಡೆಯುತ್ತದೆ.

ರಕ್ತ ಅಲ್ಲಿಗೆ ಮುಟ್ಟುತ್ತಾ?

ಕಾಲಿನ ಗಾಯದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ತೊಡೆಸಂದಿ, ಮಂಡಿಯ ಹಿಂದೆ, ಹಿಮ್ಮಡಿ ಗಂಟಿನ ಹಿಂದೆ, ಪಾದದ ಮೇಲೆ, ಈ ನಾಲ್ಕು ಕಡೆ ನಾಡಿ ಮುಟ್ಟಿ ನೋಡಿ. ಕೈಗೆ ಸಿಗದಿದ್ದರೆ "ಊತ ಇದೆ, ಅದಕ್ಕೇ ಸಿಗ್ತಿಲ್ಲ" ಅಂತ ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳಬೇಡಿ. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಯಂತ್ರ ತನ್ನಿ.

ಎಬಿಐ, ಅಂದರೆ ಹಿಮ್ಮಡಿ ಗಂಟಿನ ಹತ್ತಿರದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸುವ ಲೆಕ್ಕ, ಕಷ್ಟದ ಕೆಲಸವೇನಲ್ಲ. ರೋಗಿಯನ್ನು ಸುಮಾರು 10 ನಿಮಿಷ ಅಂಗಾತ ಮಲಗಿಸಿ. ಎರಡೂ ತೋಳಿನಲ್ಲಿ ಮೇಲಿನ (ಸಿಸ್ಟಾಲಿಕ್) ಬಿಪಿ ಡಾಪ್ಲರ್‌ನಲ್ಲಿ ಕೇಳಿ ಅಳೆಯಿರಿ, ಹೆಚ್ಚಿನದನ್ನು ಇಟ್ಟುಕೊಳ್ಳಿ. ಕಫ್ ಕಾಲಿಗೆ ಕಟ್ಟಿ ಪಾದದ ಎರಡು ನಾಡಿಗಳಲ್ಲೂ ಅಳೆದು ಹೆಚ್ಚಿನದನ್ನು ತೆಗೆದುಕೊಂಡು ಭಾಗಿಸಿ. 0.9ಕ್ಕಿಂತ ಕಡಿಮೆ ಇದ್ದರೆ ಅಪಧಮನಿಯಲ್ಲಿ ಅಡಚಣೆ ಇದೆ. 0.5ಕ್ಕಿಂತ ಕಡಿಮೆ ಇದ್ದರೆ ಮುಚ್ಚುವ ಮಾತು ಪಕ್ಕಕ್ಕಿಟ್ಟು ರಕ್ತನಾಳದ ಸರ್ಜನ್‌ಗೆ ಅದೇ ದಿನ ಹೇಳಿ.

ಎಲ್ಲರೂ ಎಡವುವುದು ಇದರ ಇನ್ನೊಂದು ತುದಿಯಲ್ಲಿ. ಎಬಿಐ 1.4ಕ್ಕಿಂತ ಜಾಸ್ತಿ ಬಂದರೆ "ತುಂಬಾ ಚೆನ್ನಾಗಿದೆ" ಅಂತಲ್ಲ. ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ತೊಂದರೆ ಇರುವವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಕಫ್ ಅದನ್ನು ಒತ್ತಲಾರದು, ಸಂಖ್ಯೆ ಸುಳ್ಳು ಹೇಳುತ್ತದೆ. ಅವರಲ್ಲಿ 1.0 ಬಂದರೂ ಪೂರ್ತಿ ನಂಬುವಂತಿಲ್ಲ. ಕಾಲ್ಬೆರಳಿನ ಒತ್ತಡ ಅಳೆಯಿಸಿ. ಅದು 30 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಆ ಕಾಲು ಅಪಾಯದಲ್ಲಿದೆ. ಮೊದಲು ರಕ್ತಸಂಚಾರ ಸರಿಪಡಿಸಿ, ಆಮೇಲೆ ಗಾಯ ಮುಚ್ಚುವುದು. ಈ ಕ್ರಮ ತಿರುಗಿಸಬೇಡಿ.

ಅಶುದ್ಧ ರಕ್ತನಾಳದ ಹುಣ್ಣು ಬೇರೆ. ಕಾಲಿನ ಕೆಳಭಾಗ ಕಂದು ಬಣ್ಣ, ಗಟ್ಟಿ ಚರ್ಮ, ಊತ ಇದ್ದರೆ ಡುಪ್ಲೆಕ್ಸ್ ಸ್ಕ್ಯಾನ್ (ರಕ್ತನಾಳದ ಅಲ್ಟ್ರಾಸೌಂಡ್) ಮಾಡಿಸಿ. ಒತ್ತುವ ಬ್ಯಾಂಡೇಜಿನಲ್ಲೇ ಬಹಳಷ್ಟು ಹುಣ್ಣು ಮಾಯುತ್ತವೆ. ಆದರೆ ಅಪಧಮನಿ ಪರೀಕ್ಷೆ ಮಾಡದೆ ಆ ಬ್ಯಾಂಡೇಜ್ ಬಿಗಿದರೆ ಕಾಲೇ ಹೋಗಬಹುದು.

ಸೋಂಕು ಮತ್ತು ಮೂಳೆ

ತೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಸ್ವ್ಯಾಬ್ ರಿಪೋರ್ಟಿನಲ್ಲಿ ಒಂದು ಹೆಸರು ಬಂದ ಮಾತ್ರಕ್ಕೆ ಆಂಟಿಬಯಾಟಿಕ್ ಶುರು ಮಾಡಬೇಡಿ. ಸುತ್ತ ಕೆಂಪು, ಬಿಸಿ, ಊತ, ಕೀವು, ಜ್ವರ ಇದೆಯಾ ನೋಡಿ. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ಬೇಕಾದರೆ ಗಾಯ ತೊಳೆದು, ಸತ್ತ ಮಾಂಸ ತೆಗೆದ ಮೇಲೆ ಒಳಗಿನ ಚೂರು ಕಳಿಸಿ. ಮೇಲೆ ಒರೆಸಿದ ಕೀವಿನಲ್ಲಿ ಬೆಳೆದದ್ದಕ್ಕೂ ಒಳಗಿನದಕ್ಕೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. ಒಂದು ಗ್ರಾಂ ಮಾಂಸದಲ್ಲಿ 1 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದರೆ ಗ್ರಾಫ್ಟ್ ಸೋಲುವುದು ಹೆಚ್ಚು ಅನ್ನುವುದು ಹಳೆಯ, ಇವತ್ತಿಗೂ ಬಳಕೆಯಲ್ಲಿರುವ ಲೆಕ್ಕ. ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್ ಮಾತ್ರ ಈ ಲೆಕ್ಕಕ್ಕೆ ಹೊರತು. ಅದು ಸ್ವಲ್ಪವೇ ಇದ್ದರೂ ಗ್ರಾಫ್ಟನ್ನು ಕರಗಿಸಿಬಿಡುತ್ತದೆ. ಅದು ಇದ್ದರೆ ಗ್ರಾಫ್ಟ್ ಮುಂದಕ್ಕೆ ಹಾಕಿ.

ಪಾದದ ಹುಣ್ಣಿನಲ್ಲಿ ಶುಚಿಯಾದ ಲೋಹದ ಪ್ರೋಬ್ ಮೆಲ್ಲಗೆ ಇಳಿಸಿ. ಟಕ್ ಅಂತ ಗಟ್ಟಿ ತಗುಲಿದರೆ ಮೂಳೆಗೆ ಸೋಂಕು ಇಳಿದಿರುವ ಅನುಮಾನ ಬಲವಾಗುತ್ತದೆ. ಉರಿಯೂತ ತೋರಿಸುವ ರಕ್ತ ಪರೀಕ್ಷೆ ಇಎಸ್‌ಆರ್ 70ಕ್ಕಿಂತ ಜಾಸ್ತಿ ಇದ್ದರೆ ಇನ್ನೂ ಬಲ. ಮೊದಲ ಎರಡು ಮೂರು ವಾರ ಎಕ್ಸ್‌ರೇ ಸರಿಯಾಗೇ ಕಾಣಬಹುದು, ಹಾಗಾಗಿ ಅದನ್ನೊಂದೇ ನೋಡಿ ಸಮಾಧಾನಪಡಬೇಡಿ. ಎಂಆರ್‌ಐ ಹೆಚ್ಚು ಹೇಳುತ್ತದೆ, ಮೂಳೆಯ ಬಯಾಪ್ಸಿ ಖಚಿತವಾಗಿ ಹೇಳುತ್ತದೆ. ಸತ್ತ ಮೂಳೆ ಒಳಗಿಟ್ಟು ಮೇಲೆ ಫ್ಲ್ಯಾಪ್ ಹೊಲಿಯುವುದು ಕೀವಿಗೆ ಮನೆ ಕಟ್ಟಿ ಬಾಗಿಲು ಹಾಕಿದ ಹಾಗೆ.

ಈಗ ಗಾಯದಿಂದ ತಲೆ ಎತ್ತಿ

ರೋಗಿಯ ಮುಖ, ತೋಳು, ತೂಕ ನೋಡಿ. ಬಟ್ಟೆ ಸಡಿಲ ಆಗಿದೆಯಾ ಕೇಳಿ. ಆರು ತಿಂಗಳಲ್ಲಿ ತೂಕದ ನೂರಕ್ಕೆ 10ರಷ್ಟು ಇಳಿದಿದ್ದರೆ ಅದು ಗಂಭೀರ. ದಪ್ಪ ಇರುವವರಲ್ಲೂ ಪೌಷ್ಟಿಕಾಂಶದ ಕೊರತೆ ಇರಬಹುದು, ಕಣ್ಣಳತೆ ಸಾಲದು.

ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಬಗ್ಗೆ ಒಂದು ಮಾತು. ಡೆಸಿಲೀಟರಿಗೆ 3.5 ಗ್ರಾಂಗಿಂತ ಕಡಿಮೆ ಬಂದರೆ ಎಲ್ಲರೂ "ಪ್ರೋಟೀನ್ ಕಡಿಮೆ, ಮೊಟ್ಟೆ ತಿನ್ನಿಸಿ" ಅಂತಾರೆ. ಆದರೆ ದೇಹದಲ್ಲಿ ಸೋಂಕು, ಉರಿಯೂತ ಇದ್ದರೂ ಅಲ್ಬುಮಿನ್ ಇಳಿಯುತ್ತದೆ. ಜೊತೆಗೆ ಉರಿಯೂತ ಇದ್ದರೆ ಏರುವ ಸಿಆರ್‌ಪಿ ನೋಡಿ. ಸಿಆರ್‌ಪಿ ಏರಿ ಅಲ್ಬುಮಿನ್ ಇಳಿದಿದ್ದರೆ ಮೊದಲು ಹುಡುಕಬೇಕಾದ್ದು ಎಲ್ಲೋ ಅಡಗಿರುವ ಕೀವನ್ನು. ಅಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ, ಹಾಗಾಗಿ ಮೂರು ದಿನ ಚೆನ್ನಾಗಿ ಊಟ ಕೊಟ್ಟು ಮತ್ತೆ ಪರೀಕ್ಷೆ ಮಾಡಿಸಿ ನಿರಾಶರಾಗಬೇಡಿ. ದೊಡ್ಡ ಗಾಯ ಇರುವವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್, 30ರಿಂದ 35 ಕಿಲೋ ಕ್ಯಾಲರಿ ಗುರಿ ಇಟ್ಟುಕೊಳ್ಳುವುದು ರೂಢಿ. ಕಿಡ್ನಿ ತೊಂದರೆ ಇದ್ದರೆ ಡಯಟಿಷಿಯನ್ ಕೇಳದೆ ಬೇಡ.

ಸಕ್ಕರೆಯ ವಿಷಯದಲ್ಲಿ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. 8ರ ಆಸುಪಾಸಿಗಿಂತ ಮೇಲಿದ್ದರೆ, ತುರ್ತು ಇಲ್ಲದ ಆಪರೇಷನ್ ಮುಂದೂಡುವುದು ವಾಸಿ. ಆದರೆ ಗಾಯದಲ್ಲೇ ಸೋಂಕಿದ್ದರೆ ಅದೇ ಸಕ್ಕರೆಯನ್ನು ಏರಿಸುತ್ತಿರುತ್ತದೆ, ಆಗ ಸಕ್ಕರೆ ಇಳಿಯಲಿ ಅಂತ ಶುಚಿ ಮಾಡುವುದನ್ನು ತಡೆಹಿಡಿದರೆ ಎರಡೂ ಕೆಡುತ್ತವೆ. ಇತ್ತೀಚೆಗೆ ರಕ್ತ ಕೊಟ್ಟಿದ್ದರೆ, ರಕ್ತಹೀನತೆ ಇದ್ದರೆ, ಡಯಾಲಿಸಿಸ್ ಮೇಲಿದ್ದರೆ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ. ಆಪರೇಷನ್ ಹತ್ತಿರ ಬಂದಾಗ ಸಕ್ಕರೆ 180ರ ಒಳಗೆ ಇರಲಿ, ಇಳಿಸುವ ಭರದಲ್ಲಿ ಲೋ ಶುಗರ್ ಮಾಡಬೇಡಿ.

ಬೀಡಿ, ಸಿಗರೇಟು, ಹೊಗೆಸೊಪ್ಪು. "ಬಿಟ್ಟಿದ್ದೀನಿ" ಅಂದರೆ "ಯಾವಾಗ?" ಅಂತ ಕೇಳಿ. ನಿನ್ನೆ ಬಿಟ್ಟವರೂ ಬಿಟ್ಟವರೇ! ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಿತ್ತುಕೊಳ್ಳುತ್ತದೆ, ಫ್ಲ್ಯಾಪಿನ ತುದಿ ಕಪ್ಪಾಗಲು ಇಷ್ಟು ಸಾಕು. ಕನಿಷ್ಠ 4 ವಾರ ಮುಂಚೆ ನಿಲ್ಲಿಸಬೇಕು, ಆಮೇಲೂ ಮುಟ್ಟಬಾರದು. ಬೈದರೆ ಸುಳ್ಳು ಹೇಳುತ್ತಾರೆ, ಅಷ್ಟೇ. ಕಾರಣ ಹೇಳಿ, ಬಿಡಲು ಸಹಾಯ ಮಾಡಿ. ಮೂತ್ರದಲ್ಲಿ ಕೊಟಿನಿನ್ (ನಿಕೋಟಿನ್ ದೇಹದಲ್ಲಿ ಒಡೆದು ಆಗುವ ವಸ್ತು) ಪರೀಕ್ಷೆ ಮಾಡಿಸುವುದಾದರೆ ನಿಕೋಟಿನ್ ಪ್ಯಾಚ್ ಹಾಕಿಕೊಂಡವರಿಗೂ ಅದು ಪಾಸಿಟಿವ್ ಬರುತ್ತದೆ ಅನ್ನುವುದು ನೆನಪಿರಲಿ.

ಹೃದಯ, ಶ್ವಾಸಕೋಶದ ತಾಕತ್ತಿಗೆ ಒಂದು ಸುಲಭ ಪ್ರಶ್ನೆ: ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ? ಗಾಯದಿಂದ ನಡೆಯಲಾಗದವರಿಗೆ ಗಾಯ ಆಗುವ ಮೊದಲು ಹೇಗಿತ್ತು ಅಂತ ಕೇಳಿ. ಉಳಿದದ್ದನ್ನು ಅರಿವಳಿಕೆ ಡಾಕ್ಟರ ಜೊತೆ ಮಾತಾಡಿ, ಮುಂಚಿನ ದಿನ ರಾತ್ರಿ ಅಲ್ಲ, ಮೊದಲೇ.

ಮಾತ್ರೆಗಳ ಚೀಲ ತರಿಸಿ

ಹೆಸರು ಕೇಳಿದರೆ "ಬಿಳಿ ಮಾತ್ರೆ, ಬೆಳಿಗ್ಗೆ ಒಂದು" ಅಂತಾರೆ. ಚೀಲ ತರಿಸಿ ಮೇಜಿನ ಮೇಲೆ ಸುರಿಯಿರಿ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಗಾಯ ನಿಧಾನವಾಗುತ್ತದೆ, ಆದರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ನೋಡುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದವರ ರಕ್ತ ತೆಳು ಮಾಡುವ ಮಾತ್ರೆಯನ್ನು ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಥರದ ಸಕ್ಕರೆ ಮಾತ್ರೆಗಳನ್ನು 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಹೆಚ್ಚು ಏರದೆಯೇ ಕೀಟೊಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು) ಆಗಬಹುದು, ಗ್ಲೂಕೋಮೀಟರ್ ನೋಡಿ ಅದು ಗೊತ್ತಾಗುವುದಿಲ್ಲ. ಕ್ಯಾನ್ಸರ್‌ಗೆ ಬೆವಾಸಿಜುಮ್ಯಾಬ್ ಪಡೆಯುತ್ತಿದ್ದರೆ ಕೊನೆಯ ಡೋಸಿನಿಂದ ಕನಿಷ್ಠ 28 ದಿನ ಬೇಕು. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತಾ, ಗರ್ಭಪಾತ ಮೇಲಿಂದ ಮೇಲೆ ಆಗಿತ್ತಾ ಅಂತಲೂ ಕೇಳಿ. ನಾಳ ಜೋಡಿಸುವ ಫ್ಲ್ಯಾಪ್ ಯೋಚಿಸುತ್ತಿದ್ದರೆ ಇದು ಬಹಳ ಮುಖ್ಯ.

ಚರ್ಮ, ಮಾಂಸ ಎಲ್ಲಿಂದ ತೆಗೆಯುತ್ತೀರಿ?

ಆ ಜಾಗವನ್ನೂ ಈಗಲೇ ಬಟ್ಟೆ ಸರಿಸಿ ನೋಡಿ. ಹಳೆಯ ಕಲೆ ಇದ್ದರೆ ಅದರ ಕೆಳಗಿನ ನಾಳ ಕತ್ತರಿಸಿ ಹೋಗಿರಬಹುದು. ಮುಂಗೈಯ ಫ್ಲ್ಯಾಪ್ ಆದರೆ ಅಲೆನ್ ಪರೀಕ್ಷೆ ಮಾಡಿ: ಎರಡೂ ನಾಡಿ ಒತ್ತಿ, ಮುಷ್ಟಿ ಬಿಗಿಸಿ ತೆರೆಸಿ, ಕಿರುಬೆರಳ ಕಡೆಯದನ್ನು ಮಾತ್ರ ಬಿಡಿ. ಅಂಗೈ ಬೇಗ ಕೆಂಪಾಗದಿದ್ದರೆ ಆ ಕೈಯ ಇನ್ನೊಂದು ನಾಡಿಯನ್ನು ತೆಗೆಯಬೇಡಿ. ಫ್ಲ್ಯಾಪ್ ತೆಗೆಯಲಿರುವ ಕೈಗೆ ಡ್ರಿಪ್ ಸೂಜಿ ಚುಚ್ಚಬೇಡಿ ಅಂತ ವಾರ್ಡಿಗೆ ಬರೆದು ಅಂಟಿಸಿ. ಮೊಣಕಾಲ ಕೆಳಗಿನ ಹೊರಮೂಳೆ (ಫಿಬುಲಾ) ತೆಗೆಯುವುದಿದ್ದರೆ ಆ ಕಾಲಿನ ಮೂರೂ ನಾಳಗಳ ಚಿತ್ರ ತೆಗೆಸಿ, ಕೆಲವರಲ್ಲಿ ಪಾದಕ್ಕೆ ರಕ್ತ ಹೋಗುವುದೇ ಆ ಮೂಳೆಯ ಪಕ್ಕದ ನಾಳದಿಂದ. ಸಿಟಿ ಆಂಜಿಯೊಗ್ರಾಮಿಗೆ (ರಕ್ತನಾಳದ ಸಿಟಿ ಸ್ಕ್ಯಾನ್) ಮುಂಚೆ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಕಸುಬು ಕೇಳುವುದನ್ನೂ ಬಿಡಬೇಡಿ. ಕಟ್ಟಿಗೆ ಹೊರುವವರ ಬೆನ್ನಿನ ದೊಡ್ಡ ಸ್ನಾಯು, ಊರುಗೋಲು ಹಿಡಿದು ಓಡಾಡುವವರ ಬೆನ್ನಿನ ಸ್ನಾಯು ಸುಲಭವಾಗಿ ತೆಗೆದುಬಿಡುವ ವಸ್ತು ಅಲ್ಲ.

ಆಪರೇಷನ್ ಆದ ಮೇಲೆ ಎಲ್ಲಿ, ಹೇಗೆ ಮಲಗುತ್ತಾರೆ?

ಹಾಸಿಗೆ ಹುಣ್ಣಿನವರಿಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಹುಣ್ಣು ಆದದ್ದು ಒತ್ತಡದಿಂದ. ಆ ಒತ್ತಡ ಮುಂದುವರಿದರೆ ಫ್ಲ್ಯಾಪ್ ಕೂಡ ಚರ್ಮವೇ ತಾನೇ? ಹಾಗಾಗಿ ಕೇಳಿ: ಮಗ್ಗುಲು ಬದಲಿಸುವವರು ಯಾರು, ರಾತ್ರಿ ಯಾರು? ಗಾಲಿಕುರ್ಚಿಯಲ್ಲಿ ಯಾವ ದಿಂಬು ಇದೆ? ಕಾಲು ಜಗ್ಗುವ ಸ್ನಾಯು ಸೆಳೆತ ಇದೆಯಾ? ಇದ್ದರೆ ಆಪರೇಷನ್‌ಗೆ ಮುಂಚೆ ಹತೋಟಿಗೆ ಬರಬೇಕು, ಇಲ್ಲದಿದ್ದರೆ ಹೊಲಿಗೆ ಕಿತ್ತು ಬರುತ್ತದೆ. ಮಲಮೂತ್ರ ಗಾಯಕ್ಕೆ ತಾಗುತ್ತಿದೆಯಾ? ಹೊಟ್ಟೆಯ ಮೇಲೆ ಮಲಗಬಲ್ಲರಾ? ಇದನ್ನು ಮಾತಲ್ಲಿ ಕೇಳಬೇಡಿ, ವಾರ್ಡಿನಲ್ಲಿ ಹಾಗೇ ಮಲಗಿಸಿ ನೋಡಿ. ಉಸಿರು ಕಟ್ಟುತ್ತದೆ ಅಂತ ಆಪರೇಷನ್ ಆದ ರಾತ್ರಿ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಮನಸ್ಸಿನ ಸ್ಥಿತಿಯನ್ನೂ ಕೇಳಿ. ವರ್ಷಗಟ್ಟಲೆ ವಾಸನೆ, ನೋವು ಸಹಿಸಿದವರು ಕುಗ್ಗಿ ಹೋಗಿರುತ್ತಾರೆ, ಊಟ ಬಿಟ್ಟಿರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಅವರ ಬಾಯಲ್ಲೇ ಹೇಳಿಸಿ: ಎಲ್ಲಿಂದ ತೆಗೀತಾರೆ, ಎಷ್ಟು ದಿನ ಮಲಗಬೇಕು, ಸೋತರೆ ಮುಂದೇನು. ಕೆಲವರಿಗೆ ಆಪರೇಷನ್ ಬೇಡವೇ ಇರಬಹುದು. ಚೊಕ್ಕ ಡ್ರೆಸ್ಸಿಂಗ್, ನೋವು ಕಡಿಮೆ, ವಾಸನೆ ಇಲ್ಲ, ಇಷ್ಟೇ ಅವರಿಗೆ ಬೇಕಿದ್ದರೆ ಅದೂ ಒಂದು ಸರಿಯಾದ ಪ್ಲಾನ್.

ಕಾಯಬಾರದ ಗಾಯಗಳು

ಮೇಲೆ ಹೇಳಿದ್ದೆಲ್ಲ ಸಮಯ ಇದ್ದಾಗ. ಮೂಳೆ ಮುರಿದು ಹೊರಗೆ ಕಾಣುವ ಕಾಲಿನ ಅಪಘಾತದಲ್ಲಿ ಅಷ್ಟು ಪುರುಸೊತ್ತು ಇಲ್ಲ. ಮಾರ್ಕೊ ಗೊಡಿನಾ ಎಂಬ ಸರ್ಜನ್ 1986ರಲ್ಲಿ 532 ರೋಗಿಗಳ ಅನುಭವ ಪ್ರಕಟಿಸಿದರು. 72 ಗಂಟೆಯೊಳಗೆ ಫ್ಲ್ಯಾಪ್ ಹಾಕಿದವರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ಸೋತವು, ಅದರ ನಂತರ ಮೂರು ತಿಂಗಳೊಳಗೆ ಹಾಕಿದವರಲ್ಲಿ ನೂರಕ್ಕೆ 12. ಈಗ ಗಾಯದ ದ್ರವ ಹೀರಿ ತೆಗೆಯುವ ವ್ಯಾಕ್ಯೂಮ್ ಡ್ರೆಸ್ಸಿಂಗ್ ಬಂದ ಮೇಲೆ ಸ್ವಲ್ಪ ಸಮಯ ಸಿಗುತ್ತದೆ, ಆದರೂ ಬೇಗ ಮುಚ್ಚಬೇಕು ಅನ್ನುವುದು ಬದಲಾಗಿಲ್ಲ. ಕಣ್ಣಿಗೆ ಕಾಣುವ ದೊಡ್ಡ ರಕ್ತನಾಳ, ಮಿದುಳಿನ ಪೊರೆ ಇವೂ ಕಾಯುವುದಿಲ್ಲ. ಇಂಥಲ್ಲಿ ರಕ್ತಸಂಚಾರ, ನರ, ಬೇರೆ ಪೆಟ್ಟುಗಳು, ಔಷಧಿ, ಅಲರ್ಜಿ ಇಷ್ಟನ್ನು ತಕ್ಷಣ ನೋಡಿ. ತೂಕ, ಅಲ್ಬುಮಿನ್ ಆಮೇಲೆ. ಮೈತುಂಬ ಹರಡುತ್ತಿರುವ ಸೋಂಕು ಇದ್ದರೆ ಮಾತ್ರ ಮೊದಲು ಶುಚಿ ಮಾಡುವುದು, ಮುಚ್ಚುವುದು ಇನ್ನೊಂದು ದಿನ.

ಆಪರೇಷನ್ ದಿನ ಬೆಳಿಗ್ಗೆ ಮತ್ತೆ ಒಂದು ಸಲ ಹೋಗಿ. ಹೊಸ ಜ್ವರ, ರಾತ್ರಿಯ ಸಕ್ಕರೆ, ಡ್ರೆಸ್ಸಿಂಗಿನ ಬಣ್ಣ, ಚರ್ಮ ತೆಗೆಯುವ ಜಾಗದಲ್ಲಿ ಗುಳ್ಳೆ ಇದೆಯಾ, ಎಡ ಬಲ ಗುರುತು ಹಾಕಿದ್ದಾರಾ ನೋಡಿ. ಒಂದು ಸರಿ ಇಲ್ಲ ಅನ್ನಿಸಿದರೂ ಥಿಯೇಟರಿಗೆ ಕಳಿಸುವ ಮುಂಚೆ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ, ಬೈಸಿಕೊಂಡರೂ ಪರವಾಗಿಲ್ಲ.